ಗಾಳಿಯ ಡಬ್ಬದಲ್ಲಿ ಎಣ್ಣೆ

ನನ್ನ ಹೊಟ್ಟೆಯನ್ನು ಡಾಕ್ಟರು ಒಮ್ಮೆ ಬಿಚ್ಚಿದ್ದಾರೆ. ನನ್ನ ಬೈಕಿನ ಎಂಜಿನ್ನನ್ನು ಈವರೆಗೆ ಯಾರೂ ಬಿಚ್ಚಿಲ್ಲ. ಇವೆರಡರಲ್ಲಿ ಮೊದಲನೆಯದನ್ನು ಯಾರು ಕೇಳಿದರೂ ನಾನು ಹೇಳುವುದಿಲ್ಲ, ಎರಡನೆಯದನ್ನು ಕೇಳದಿದ್ದರೂ ಹೇಳುತ್ತೇನೆ. ಹೋಟೆಲಿಗೆ ಬಂದ ಗಿರಾಕಿ ತಿಂಡಿ ಮುಗಿಸಿ ಹೊರಗೆ ಹೋಗಿ, ತನ್ನ ಗಾಡಿ ತೆಗೆಯುವ ಮೊದಲು ನನ್ನ ಬೈಕಿನ ಕಡೆ ಒಮ್ಮೆ ನೋಡಿದರೆ ಸಾಕು, ಕ್ಯಾಶ್ ಮೇಜಿನಿಂದಲೇ ಕೂಗಿ ಹೇಳುತ್ತೇನೆ: "ಇಷ್ಟು ವರ್ಷವಾಯ್ತು ಸಾರ್, ಎಂಜಿನ್ನಿಗೆ ಕೈ ಹಾಕಿಲ್ಲ!" ಅವನು ನೋಡಿದ್ದು ಬೈಕಿನ ಸೀಟಿನ ಮೇಲೆ ಮಲಗಿದ್ದ ಬೆಕ್ಕನ್ನು ಎಂದು ಆಮೇಲೆ ಗೊತ್ತಾದರೂ ನನಗೆ ಬೇಸರವಿಲ್ಲ.

ಒಬ್ಬೊಬ್ಬರಿಗೆ ಹೇಳಿಕೊಳ್ಳಲು ಒಂದೊಂದು ಇರುತ್ತದೆ. ಮಕ್ಕಳ ಮಾರ್ಕು, ಊರಿನಲ್ಲಿ ಕಟ್ಟಿಸಿದ ಮನೆ, ಎಷ್ಟು ಮೈಸೂರುಪಾಕು ತಿಂದರೂ ಏರದ ಸಕ್ಕರೆ. ನಮ್ಮ ಬೀದಿಯ ಹಿರಿಯರೊಬ್ಬರು ತಮ್ಮ ಹಲ್ಲುಗಳೆಲ್ಲ ಸ್ವಂತದ್ದೆಂದು ಪರಿಚಯದ ಮೊದಲ ನಿಮಿಷದಲ್ಲೇ ತಿಳಿಸಿಬಿಡುತ್ತಾರೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಉಡುಪಿಯ ಕಡೆಯಿಂದ ಮದ್ರಾಸಿಗೆ ಬಂದು, ಮೇಜು ಒರೆಸಿ, ಲೋಟ ತೊಳೆದು, ಬಕೆಟ್ಟು ಹಿಡಿದು ಸಾಂಬಾರು ಬಡಿಸಿ, ಕೊನೆಗೆ ಪುರಸೈವಾಕ್ಕಂನ ಬಟ್ಟೆಯಂಗಡಿಗಳ ಹಿಂದಿನ ಬೀದಿಯಲ್ಲಿ ಸ್ವಂತದ್ದೊಂದು ಸಣ್ಣ ಟಿಫಿನ್ ಹೋಟೆಲು ಇಟ್ಟವನು. ಗೋಡೆಗೆ ತೂಗುಹಾಕಲು ನನ್ನ ಹತ್ತಿರ ಡಿಗ್ರಿ ಇಲ್ಲ. ಬಿಚ್ಚದ ಎಂಜಿನ್ನೇ ನನ್ನ ಡಿಗ್ರಿ ಎಂದು ತಿಳಿದುಕೊಳ್ಳಿ.

ಆ ಡಿಗ್ರಿಯನ್ನು ನಾನು ಸುಮ್ಮನೆ ಸಂಪಾದಿಸಿದ್ದಲ್ಲ. ಹೋಟೆಲಿಗೆ ರಜೆ ಇರುವ ಮಧ್ಯಾಹ್ನ ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಏರಿಸಿ, ಹಳೇ ಬನಿಯನ್ನು ತೊಟ್ಟು, ಹಳೇ ಎಣ್ಣೆ ಇಳಿಸಿ, ಹೊಸ ಎಣ್ಣೆಯನ್ನು ಅಳತೆಯ ಲೋಟದಲ್ಲಿ ಅಳೆದು ನಾನೇ ಹಾಕುತ್ತೇನೆ. ಈ ಕೆಲಸ ಮಾಡುವಾಗ ಮಾತಾಡಿಸಿದರೆ ನನಗೆ ಆಗುವುದಿಲ್ಲ. ನನ್ನ ಹೆಂಡತಿ ಸುಜಾತ ಇದನ್ನು "ಇವರ ಪೂಜೆ" ಎನ್ನುತ್ತಾಳೆ. ದೇವರ ಕೋಣೆಯಲ್ಲಿ ನಾನು ಇಷ್ಟು ಹೊತ್ತು ಕೂತದ್ದನ್ನು ಅವಳು ನೋಡಿಲ್ಲವಂತೆ.

ಹೀಗಿರುವಾಗ ಒಂದು ಬೆಳಿಗ್ಗೆ ಬೈಕಿನ ಕೆಳಗೆ, ಸಿಮೆಂಟಿನ ಮೇಲೆ, ಕಪ್ಪಗೆ ಒಂದು ಕಲೆ ಕಂಡಿತು.

ಎಣ್ಣೆಯ ಕಲೆ ಕಂಡ ಕೂಡಲೇ ಗಾಬರಿಯಾಗುವ ಜಾತಿ ನನ್ನದಲ್ಲ. ಹೋಟೆಲಿನವನ ಅಂಗಿಯಿಂದ ಹಿಡಿದು ಹಣೆಬರಹದವರೆಗೆ ಎಲ್ಲ ಕಡೆ ಎಣ್ಣೆಯ ಕಲೆ ಇರುತ್ತದೆ. ಆದರೆ ಈ ಕಲೆ ಇದ್ದ ಜಾಗ ಸರಿಯಿರಲಿಲ್ಲ. ಎಂಜಿನ್ನಿನ ಅಡಿಯಲ್ಲಿ ಇದ್ದಿದ್ದರೆ ನಟ್ಟು ಸಡಿಲವಾಗಿದೆ ಎನ್ನಬಹುದಿತ್ತು. ಇದು ಹಿಂದಕ್ಕೆ, ಸೀಟಿನ ಕೆಳಗೆ ಬಿದ್ದಿತ್ತು. ಮೊಣಕಾಲೂರಿ ಬಗ್ಗಿ ನೋಡಿದೆ. ಏರ್ ಫಿಲ್ಟರಿನ ಡಬ್ಬದ ಬುಡದಲ್ಲಿ ಒಂದು ಪುಟ್ಟ ರಬ್ಬರ್ ನಳಿಗೆ ಇರುತ್ತದೆ. ಅದರ ತುದಿಯಲ್ಲಿ ಒಂದು ತೊಟ್ಟು ಎಣ್ಣೆ, ಬೀಳಲೋ ಬೇಡವೋ ಎಂದು ಯೋಚಿಸುತ್ತ ನೇತಾಡುತ್ತಿತ್ತು. ನಾನು ನೋಡುತ್ತಿರುವಂತೆಯೇ ಬಿತ್ತು.

ಪಕ್ಕದ ಮುಚ್ಚಳ ತೆಗೆದು ಫಿಲ್ಟರನ್ನು ಈಚೆಗೆ ಎಳೆದೆ. ಬೋಂಡ ಇಟ್ಟ ಪೇಪರು ಹೇಗಿರುತ್ತದೆ? ಹಾಗಿತ್ತು.

ಇದರ ಗಂಭೀರತೆ ನಿಮಗೆ ಗೊತ್ತಾಗಬೇಕಾದರೆ ಏರ್ ಫಿಲ್ಟರ್ ಎಂದರೇನೆಂದು ಸ್ವಲ್ಪ ಹೇಳಬೇಕು. ಅದು ಬೈಕಿನ ಮೂಗು. ಈ ನಗರದ ಧೂಳು, ಹೊಗೆ, ಮೆಟ್ರೋ ಅಗೆದ ಮಣ್ಣು ಎಲ್ಲವನ್ನೂ ತಡೆದು ಒಳ್ಳೆಯ ಗಾಳಿಯನ್ನು ಮಾತ್ರ ಒಳಗೆ ಬಿಡುವುದು ಅದರ ಕೆಲಸ. ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ಎಣ್ಣೆಯ ವಾಸ ಕೆಳಗೆ, ಎಂಜಿನ್ನಿನ ಹೊಟ್ಟೆಯಲ್ಲಿ. ಗಾಳಿಯ ವಾಸ ಮೇಲೆ, ಈ ಡಬ್ಬದಲ್ಲಿ. ಇವರಿಬ್ಬರ ಮನೆಗಳ ಮಧ್ಯೆ ಒಂದೇ ಒಂದು ದಾರಿಯಿದೆ, ಬೆರಳು ದಪ್ಪದ ಒಂದು ಪೈಪು. ಎಂಜಿನ್ನು ಬಿಸಿಯಾದಾಗ ಒಳಗೆ ಆವಿ ಕಟ್ಟಿಕೊಳ್ಳುತ್ತದೆ, ಅದು ಹೊರಗೆ ಹೋಗಲು ಬಿಟ್ಟಿರುವ ಕಿಂಡಿ ಅದು. ನಮ್ಮ ಕುಕ್ಕರಿಗೆ ಸೀಟಿ ಇದ್ದ ಹಾಗೆ. ಆವಿ ಬರುವ ದಾರಿಯಲ್ಲಿ ಎಣ್ಣೆಯೇ ಎದ್ದು ನಡೆದುಕೊಂಡು ಬಂದಿದೆ ಎಂದರೆ ಕೆಳಗಿನ ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ.

ಬಟ್ಟೆಯಿಂದ ಒರೆಸಿ, ಮುಚ್ಚಳ ಹಾಕಿ, ಯಾರಿಗೂ ಹೇಳಬಾರದೆಂದು ನಿರ್ಧರಿಸಿ ಹೋಟೆಲಿಗೆ ಹೋದೆ. ಹನ್ನೊಂದು ಗಂಟೆಯೊಳಗೆ ನಾನೇ ಎಲ್ಲರಿಗೂ ಹೇಳಿದ್ದೆ.

ಸಲಹೆ ಕೊಡುವ ವಿಷಯದಲ್ಲಿ ನಮ್ಮ ಗಿರಾಕಿಗಳು ಬಹಳ ಉದಾರಿಗಳು. ಸಾಂಬಾರು ಎರಡನೇ ಸಲ ಹಾಕಿಸಿಕೊಳ್ಳುವವರೆಲ್ಲ ಒಂದೊಂದು ಕಾರಣ ಕೊಟ್ಟು ಹೋದರು. ಫಿಲ್ಟರ್ ಬದಲಿಸಿ ಎಂದರು. ಪೈಪು ಕಿತ್ತು ರಸ್ತೆಗೆ ಬಿಡಿ ಎಂದರು. ಮಳೆಗಾಲದಲ್ಲಿ ನೀರು ಹೊಕ್ಕಿರಬೇಕು ಎಂದರು. ಒಬ್ಬ ಬ್ಯಾಂಕಿನವರು ಪೊಂಗಲ್ ತಿನ್ನುತ್ತ ಬಹಳ ಹೊತ್ತು ಯೋಚಿಸಿ, "ದೃಷ್ಟಿ" ಎಂದು ಹೇಳಿ ಕೈತೊಳೆಯಲು ಎದ್ದರು. ಮನೆಯಲ್ಲಿ ಮಗಳು ನಿಶಾ ಫೋನಿನಿಂದ ತಲೆಯೆತ್ತದೆ, "ಅಪ್ಪಾ, ಪೇಸಾಮ ವಿತ್ತುಡುಂಗೊ" ಎಂದಳು. ಸುಮ್ಮನೆ ಮಾರಿಬಿಡಿ ಎಂದು ಅದರ ಅರ್ಥ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಮನೆಯಲ್ಲಿ ಅವಳನ್ನು ಬೈಯಬೇಕಾದರೆ ಮಾತ್ರ ನಾನೂ ತಮಿಳಿಗೆ ಇಳಿಯುತ್ತೇನೆ. ಆ ಭಾಷೆಯನ್ನು ನಾನು ಕಲಿತದ್ದೇ ಬೈಸಿಕೊಂಡು.

ಸುಜಾತ ಮಾತ್ರ ಕೇಳಬೇಕಾದ್ದನ್ನು ಕೇಳಿದಳು. "ಅದು ಎಂಜಿನ್ ಬಿಚ್ಲಿಕ್ಕೆ ಬಂತಾ ಎಂತ ಮಾರಾಯ್ರೆ?"

"ಬಾಯಲ್ಲಿ ಒಳ್ಳೆದು ಮಾತಾಡು" ಎಂದೆ.

ಸೆಲ್ವಂ ನಮ್ಮ ಬೀದಿಯ ಕೊನೆಯಲ್ಲಿರುವ ಮೆಕಾನಿಕ್ಕು. ದಿನಾ ಹತ್ತು ಗಂಟೆಗೆ ನಮ್ಮಲ್ಲಿ ಎರಡು ವಡೆ ತಿಂದು ತಿಂದು ಕನ್ನಡವನ್ನೂ ಕಲಿತಿದ್ದಾನೆ. ಪಂಕ್ಚರು, ಬ್ರೇಕು ಇಂಥದ್ದಕ್ಕೆ ನಾನು ಅವನ ಹತ್ತಿರ ಹೋಗುವುದುಂಟು. ಎಂಜಿನ್ನಿನ ತಂಟೆಗೆ ಬರಬೇಡ ಎಂದು ಅವನಿಗೆ ಮೊದಲೇ ಹೇಳಿಟ್ಟಿದ್ದೇನೆ. ಬೈಕನ್ನು ತಳ್ಳಿಕೊಂಡು ಬಂದ ನನ್ನನ್ನು ನೋಡಿ ಅವನ ಮುಖದಲ್ಲಿ ಒಂದು ನಗೆ ಬಂತು, ಬಹಳ ಕಾಲದಿಂದ ಕಾದಿದ್ದ ನಗೆ.

"ವಾಂಗಣ್ಣೇ, ಬನ್ನಿ ಬನ್ನಿ! ಡಾಕ್ಟರೇ ಪೇಶೆಂಟ್ ಕರ್ಕೊಂಡು ಬಂದಿದ್ದಾರೆ."

ಫಿಲ್ಟರ್ ನೋಡಿದ. ಬೆರಳಿನಿಂದ ಡಬ್ಬದ ಒಳಗನ್ನು ಸವರಿದ. ಗಾಡಿ ಶುರು ಮಾಡಿ ಹಿಂದೆ ನಿಂತು ಹೊಗೆ ನೋಡಿದ. ಹೊಗೆ ಸ್ವಲ್ಪ ನೀಲಿಯಾಗಿತ್ತು. ಹಿಂದಿನ ದಿನ ನುಂಗಂಬಾಕ್ಕಂನ ಸಿಗ್ನಲ್ಲಿನಲ್ಲಿ ಒಬ್ಬ ಹೆಂಗಸು ನನ್ನನ್ನು ನೋಡಿ ಕಾರಿನ ಗಾಜು ಏರಿಸಿದ್ದು ಯಾಕೆಂದು ಆಗ ಗೊತ್ತಾಯಿತು.

"ಅಣ್ಣೇ, ಕೋಪ ಮಾಡ್ಕೋಬಾರ್ದು. ಆಯಿಲ್ ಜಾಸ್ತಿ ಏನಾದ್ರೂ ಹಾಕ್ಬಿಟ್ರಾ?"

ಕೋಪ ಮಾಡಿಕೊಳ್ಳಬಾರದೆಂದು ಹೇಳಿ ಕೇಳಿದ ಪ್ರಶ್ನೆಗೆ ಕೋಪ ಬರದೆ ಇರುತ್ತದೆಯೇ? ನೂರು ಜನರ ಸಾಂಬಾರಿಗೆ ಕಣ್ಣಳತೆಯಲ್ಲಿ ಉಪ್ಪು ಹಾಕುವವನು ನಾನು. ಎಂಜಿನ್ನಿಗೆ ಎಣ್ಣೆ ಹಾಕುವಾಗ ಕಣ್ಣನ್ನೂ ನಂಬದೆ ಲೋಟದಲ್ಲಿ ಅಳೆಯುವವನು.

"ಯಾರ ಹತ್ತಿರ ಕೇಳ್ತಿದ್ದೀ ಸೆಲ್ವಂ? ನನ್ನ ಅಳತೆ ತಪ್ಪಿದ್ದನ್ನು ನೀನು ನೋಡಿದ್ದೀಯಾ? ನಿನ್ನ ವಡೆಯ ತೂತು ಒಂದು ದಿನವಾದರೂ ಸಣ್ಣ-ದೊಡ್ಡ ಆದದ್ದುಂಟಾ?"

"ಸರಿ ಬಿಡಿ ಅಣ್ಣೇ. ಅದಲ್ಲ ಅಂದ್ರೆ ರಿಂಗ್ ಹೋಗಿದೆ. ಪಿಸ್ಟನ್ ರಿಂಗ್ ಸವೆದು, ಒಳಗಿನ ಒತ್ತಡ ಎಣ್ಣೆಯನ್ನ ಮೇಲಕ್ಕೆ ತಳ್ತಾ ಇದೆ. ಎಂಜಿನ್ ಇಳಿಸ್ಬೇಕು." ಕೈ ಒರೆಸಿಕೊಳ್ಳುತ್ತ, ಸ್ವಲ್ಪ ಮೆಲ್ಲಗೆ, "ಬಿಚ್ಚಲೇಬೇಕು" ಎಂದ. ಭಾನುವಾರ ಅವನಿಗೆ ಬಿಡುವು. ಭಾನುವಾರ ಬೆಳಿಗ್ಗೆ ತರಲು ಹೇಳಿದ.

ಡಿಪ್‌ಸ್ಟಿಕ್ ಎಂಬ ಸಣ್ಣ ಕಡ್ಡಿಯೊಂದು ಎಂಜಿನ್ನಿನ ಬಲಬದಿಯಲ್ಲೇ ಇದೆ. ತಿರುಗಿಸಿ ಎತ್ತಿ ನೋಡಿದರೆ ಎಣ್ಣೆ ಎಷ್ಟಿದೆಯೆಂದು ಹೇಳಿಬಿಡುತ್ತದೆ. ನಾನು ಅಷ್ಟು ಮಾತಾಡಿದ ಮೇಲೆ ಅವನು ಅದನ್ನು ಮುಟ್ಟಲಿಲ್ಲ. ಅಷ್ಟು ಮಾತಾಡಿದ ಮೇಲೆ ನಾನು ಹೇಗೆ ಮುಟ್ಟಲಿ?

ಭಾನುವಾರದ ತನಕದ ಆ ದಿನಗಳು ನನಗೆ ಚೆನ್ನಾಗಿ ಹೋಗಲಿಲ್ಲ. ಎಂಜಿನ್ ಬಿಚ್ಚುವುದೆಂದರೆ ಏನು ಮಹಾ ಎಂದು ನೀವು ಕೇಳಬಹುದು. ಸೆಕೆಂಡ್ ಹ್ಯಾಂಡ್ ಗಾಡಿ ಮಾರುವ ಯಾರನ್ನಾದರೂ ಕೇಳಿನೋಡಿ. ಬಣ್ಣ ಹೋಗಿರಲಿ, ಸೀಟು ಹರಿದಿರಲಿ, ಕನ್ನಡಿ ಇಲ್ಲದಿರಲಿ, "ಎಂಜಿನ್ ಮುಟ್ಟಿಲ್ಲ" ಎಂಬ ಒಂದೇ ಮಾತಿನಲ್ಲಿ ಅವನು ಮಾರಿಬಿಡುತ್ತಾನೆ. ಒಮ್ಮೆ ಬಿಚ್ಚಿದ್ದನ್ನು ಎಷ್ಟೇ ಚೆನ್ನಾಗಿ ಜೋಡಿಸಿದರೂ ಅದರ ಸದ್ದು ಬೇರೆಯೇ ಆಗುತ್ತದೆ. ಇದನ್ನು ನಾನು ಹೇಳಿದಾಗ ಸುಜಾತ, "ನಿಮ್ಮನ್ನು ಬಿಚ್ಚಿ ಜೋಡಿಸಿದ ಮೇಲೆ ಸದ್ದು ಕಡಿಮೆ ಆಗ್ತದೆ ಅಂತ ನಾನೂ ಗ್ರಹಿಸಿದ್ದೆ" ಎಂದಳು.

ಬೈಕು ಗ್ಯಾರೇಜಿಗೆ ಹೋಗುವ ಸುದ್ದಿಯನ್ನು ಇನ್ನೊಬ್ಬರಿಗೂ ತಿಳಿಸಬೇಕಿತ್ತು. ನಮ್ಮ ಮನೆಯ ಮೇಲಿನ ಅಂತಸ್ತಿನಲ್ಲಿ ಚನ್ನಬಸಪ್ಪನವರ ಸಂಸಾರವಿದೆ. ಗದಗದ ಕಡೆಯವರು, ಲಿಂಗವಂತರು. ಪುರಸೈವಾಕ್ಕಂ ದೊಡ್ಡ ರಸ್ತೆಯಲ್ಲಿ ಅವರ ಸ್ಟೀಲ್ ಪಾತ್ರೆ ಅಂಗಡಿ. ಅವರ ಕನ್ನಡ ಒಂದು ದಾರಿ, ನಮ್ಮದು ಇನ್ನೊಂದು. ಅವರು "ಹೌದ್ರಿ" ಅನ್ನುವಷ್ಟರಲ್ಲಿ ನಾವು "ಹೌದಾ?" ಎಂದು ಕೇಳಿಯಾಗಿರುತ್ತದೆ. ಮೊದಲ ವರ್ಷ ಸುಜಾತ ಮತ್ತು ಚನ್ನಬಸಪ್ಪನವರ ಹೆಂಡತಿ ಗೌರಮ್ಮ ಒಬ್ಬರಿಗೊಬ್ಬರು ಅರ್ಥವಾಗಲೆಂದು ತಮಿಳಿನಲ್ಲಿ ಮಾತಾಡುತ್ತಿದ್ದರು. ಈಗ ಪಾತ್ರೆಗಳೇ ಮಾತಾಡುತ್ತವೆ. ಮೇಲಿನಿಂದ ರೊಟ್ಟಿ, ಶೇಂಗಾ ಚಟ್ನಿ ಬಂದ ಡಬ್ಬಿ ಪತ್ರೊಡೆ ಹೊತ್ತು ವಾಪಸ್ಸು ಹೋಗುತ್ತದೆ. ಪತ್ರೊಡೆ ಹೋದದ್ದರಲ್ಲಿ ಎಣ್ಣೆಗಾಯಿ ಬರುತ್ತದೆ. ಅವರ ಕಡೆಯಲ್ಲೂ ನಮ್ಮ ಕಡೆಯಲ್ಲೂ ಒಬ್ಬರ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿಯಿಲ್ಲ. ಕೊಡಲು ಏನೂ ಇಲ್ಲದ ದಿನ ನಾಲ್ಕು ಹರಳು ಕಲ್ಲುಸಕ್ಕರೆಯನ್ನಾದರೂ ಹಾಕಬೇಕು. ಹೀಗಾಗಿ ಈ ವ್ಯವಹಾರವನ್ನು ನಿಲ್ಲಿಸುವ ಉಪಾಯ ಎರಡೂ ಮನೆಯವರಿಗೆ ಗೊತ್ತಿಲ್ಲ. ಮೂಲದಲ್ಲಿ ಆ ಡಬ್ಬಿ ಯಾರದ್ದೆಂದೂ ಗೊತ್ತಿಲ್ಲ.

ಹೋದ ಮಳೆಗಾಲದಲ್ಲಿ ನಮ್ಮ ಬೀದಿಯಲ್ಲಿ ನೀರು ನಿಂತು ಚನ್ನಬಸಪ್ಪನವರ ಸ್ಕೂಟರು ಹಾಳಾಯಿತು. ನನ್ನ ಬೈಕನ್ನು ನಾನು ಹೋಟೆಲಿನ ಒಳಗೆ, ದೋಸೆಕಲ್ಲಿನ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದೆ. ಆಮೇಲೆ ಅವರ ಮಗಳಿಗೆ ನುಂಗಂಬಾಕ್ಕಂನಲ್ಲಿ ಹೆರಿಗೆಯಾಯಿತು, ಮೊದಲ ಮೊಮ್ಮಗಳು. ಬಾಣಂತಿಗೆ ಬಿಸಿ ರೊಟ್ಟಿ, ಮೆಂತ್ಯದ ಉಂಡೆ ಒಯ್ಯಲು ವಾರಕ್ಕೆ ಎರಡು ಸಲವಾದರೂ ಅವರು ನನ್ನ ಬೈಕು ಒಯ್ಯುತ್ತಾರೆ. ಮೊದಲ ಸಲ ಹಿಂದೆ ತಂದಾಗ, "ಶೆಟ್ರ, ಪೆಟ್ರೋಲ್ ಹಾಕ್ಸೇನ್ರಿ" ಎಂದರು. ನನಗೆ ರೇಗಿಹೋಯಿತು. "ಇನ್ನೊಮ್ಮೆ ಪೆಟ್ರೋಲ್ ಹಾಕ್ಸಿದ್ರೆ ಕೀಲಿಕೈ ಕೊಡೋದಿಲ್ಲ, ನೋಡಿ" ಎಂದು ಗಟ್ಟಿಯಾಗಿಯೇ ಹೇಳಿಬಿಟ್ಟೆ. ಮಗುವನ್ನು ನೋಡಲು ಹೋಗುವವರ ಹತ್ತಿರ ಪೆಟ್ರೋಲು ಹಾಕಿಸಿಕೊಳ್ಳುವಷ್ಟು ಸಣ್ಣವನೇ ನಾನು? ಅವರು ಕೀಲಿಕೈಯನ್ನು ಮೇಜಿನ ಮೇಲಿಟ್ಟು ಮೆಟ್ಟಿಲು ಹತ್ತಿದರು.

ಭಾನುವಾರ ಎಂಜಿನ್ ಇಳಿಸುತ್ತಾರೆ ಎಂದಾಗ ಅವರ ಮುಖ ಸಣ್ಣದಾಯಿತು.

"ಛೇ ಛೇ. ಇಷ್ಟ್ ಚೊಲೊ ನೋಡ್ಕೊಂಡ್ರೂ ಹಿಂಗ್ಯಾಕಾತ್ರಿ? ನೀವೂ ನೋಡ್ಕೋತೀರಿ, ನಾನೂ ನೋಡ್ಕೋತೀನಿ."

ಸೌಜನ್ಯದ ಮಾತೆಂದು ಬಿಟ್ಟೆ. ಆ ಸಂಜೆಯೂ ಅವರು ಬೈಕು ಒಯ್ದು ತಂದರು, ಗ್ಯಾರೇಜಿಗೆ ಹೋದರೆ ಮತ್ತೆ ಯಾವಾಗ ಸಿಗುತ್ತದೋ ಎಂದು.

ಶನಿವಾರ ಬೆಳಿಗ್ಗೆ ಹೋಟೆಲಿನಲ್ಲಿ ಒಂದು ಗಲಾಟೆಯಾಯಿತು. ಅಡುಗೆಗೆ ಹೊಸದಾಗಿ ಬಂದವರು ಇಡ್ಲಿ ಬೇಯಿಸುವ ಅಟ್ಟದ ಕೆಳಗೆ ನೀರು ಹೆಚ್ಚು ಇಟ್ಟಿದ್ದರು. ಮೇಲಿನ ತಟ್ಟೆಗಳ ಇಡ್ಲಿ ಮಲ್ಲಿಗೆಯ ಹಾಗೆ ಬಂದಿದೆ, ಕೆಳಗಿನ ತಟ್ಟೆಯದು ಒದ್ದೆ ಮುದ್ದೆ. ನಾನು ಬೈಯಲು ಶುರು ಮಾಡಿದೆ. ಬೈಗುಳವೂ ನನ್ನಲ್ಲಿ ಪಾಠದ ಹಾಗೆಯೇ ಬರುತ್ತದೆ. ಹೋಟೆಲಿಗೆ ಬಂದ ಮೊದಲ ತಿಂಗಳು ನನಗೆ ಹೇಳಿಕೊಟ್ಟದ್ದನ್ನೇ ನಾನು ಹೇಳುವುದು. "ನೀರು ಎಷ್ಟಿರಬೇಕು ಅಂತ ಗೊತ್ತಿಲ್ವಾ ನಿಮಗೆ? ಕಮ್ಮಿ ಆದ್ರೆ ತಳ ಹಿಡೀತದೆ. ಹೆಚ್ಚಾದ್ರೆ ಆವಿ ಹೋಗುವ ದಾರಿಯಲ್ಲಿ ನೀರೇ ಹಾರಿ ಹಾರಿ ಮೇಲೆ..."

ಅಲ್ಲಿಗೆ ಮಾತು ನಿಂತುಹೋಯಿತು. ಅಡುಗೆಯವರು ಇನ್ನೂ ಏನೋ ದೊಡ್ಡದು ಬರಲಿಕ್ಕಿದೆಯೆಂದು ತಲೆ ತಗ್ಗಿಸಿಯೇ ನಿಂತಿದ್ದರು. ನಾನು ಹೊರಗೆ ನಡೆದೆ.

ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಏರಿಸಿದೆ. ಆಚೆ ಈಚೆ ನೋಡಿದೆ. ಸೆಲ್ವಂ ಅಂಗಡಿ ಇನ್ನೂ ತೆರೆದಿರಲಿಲ್ಲ. ಡಿಪ್‌ಸ್ಟಿಕ್ ತೆಗೆದು ಒರೆಸಿ, ಇಳಿಬಿಟ್ಟು, ಎತ್ತಿ ನೋಡಿದೆ. ಕಡ್ಡಿಯ ಮೇಲೆ ಎರಡು ಗೆರೆಗಳಿರುತ್ತವೆ, ಅವುಗಳ ಮಧ್ಯೆ ಎಣ್ಣೆ ಇರಬೇಕು. ಇಲ್ಲಿ ಗೆರೆಗಳೇ ಕಾಣಿಸಲಿಲ್ಲ. ಕಡ್ಡಿ ಅದರ ಕುತ್ತಿಗೆಯ ತನಕ ಎಣ್ಣೆಯಲ್ಲಿ ಮುಳುಗಿ ಬಂದಿತ್ತು.

ಸಂತೋಷವಾಗಬೇಕಿತ್ತು, ಯಾಕೆಂದರೆ ಎಣ್ಣೆ ಹೆಚ್ಚಾದದ್ದೇ ಕಾರಣವಾದರೆ ಎಂಜಿನ್ ಬಿಚ್ಚುವ ಮಾತೇ ಇಲ್ಲ, ಇಳಿಸಿದರೆ ಮುಗಿಯಿತು. ಆದರೆ ಸಂತೋಷಕ್ಕಿಂತ ಮೊದಲು ಭಯವಾಯಿತು. ನಾನು ಅಳೆದು ಹಾಕಿದ್ದೇನೆ. ಎಂಜಿನ್ನು ಎಣ್ಣೆಯನ್ನು ಕುಡಿಯುತ್ತದೆ, ಸೋರುತ್ತದೆ, ಸುಡುತ್ತದೆ. ಅದು ಎಣ್ಣೆಯನ್ನು ಹೆರುವುದನ್ನು ಯಾರೂ ಕೇಳಿಲ್ಲ. ಪೆಟ್ರೋಲು ಸೋರಿ ಬೆರೆತಿರಬಹುದೇ ಎಂದು ಮೂಸಿ ನೋಡಿದೆ. ವಾಸನೆಯಿಲ್ಲ. ನೀರು ಸೇರಿದ್ದರೆ ಮಜ್ಜಿಗೆಯ ಬಣ್ಣ ಬರುತ್ತದೆ. ಅದೂ ಇಲ್ಲ. ಸಕ್ಕರೆ ಪಾಕ ನೋಡುವ ಹಾಗೆ ಎರಡು ಬೆರಳಿನ ನಡುವೆ ಹಿಡಿದು ನೋಡಿದೆ. ನನ್ನ ಹಳೇ ಎಣ್ಣೆ ಇಷ್ಟು ಹೊತ್ತಿಗೆ ಕಷಾಯದ ಹಾಗೆ ಕಪ್ಪಾಗಿರಬೇಕಿತ್ತು. ಇದು ಅಷ್ಟು ಕಪ್ಪಿರಲಿಲ್ಲ. ಇದರಲ್ಲಿ ಯಾರೋ ಹೊಸ ಎಣ್ಣೆ ಬೆರೆಸಿದ್ದಾರೆ.

ಬೈಕಿನ ಕೀಲಿಕೈ ನನ್ನನ್ನು ಬಿಟ್ಟರೆ ಮುಟ್ಟುವವರು ಲೋಕದಲ್ಲಿ ಒಬ್ಬರೇ.

ಮೆಟ್ಟಿಲು ಹತ್ತುವಾಗ ಹೇಗೆ ಕೇಳುವುದೆಂದು ಯೋಚಿಸುತ್ತ ಹೋದೆ. ಚನ್ನಬಸಪ್ಪನವರು ಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಧರಿಸಿ, ಅವರು ಮಂಡಾಳು ಎನ್ನುವ ಮಂಡಕ್ಕಿಯ ಒಗ್ಗರಣೆ ತಟ್ಟೆ ಹಿಡಿದು ಕೂತಿದ್ದರು. ನನ್ನನ್ನು ಕಂಡೊಡನೆ ಒಳಗೆ ಕೂಗಿ ಇನ್ನೊಂದು ತಟ್ಟೆ ತರಿಸಿದರು.

"ಚನ್ನಬಸಣ್ಣ, ಬೈಕಿಗೆ ನೀವು ಎಂತದಾದರೂ..." ಎಂದು ಶುರು ಮಾಡಿದೆ.

ಅವರು ಕಳ್ಳತನ ಸಿಕ್ಕಿಬಿದ್ದ ಮಗುವಿನ ಹಾಗೆ ನಕ್ಕರು. "ಗೊತ್ತಾತೇನ್ರಿ? ಇಷ್ಟ್ ದಿನಾ ಗೊತ್ತಾಗ್ಲಿಲ್ಲಲ್ಲ ಅಂತ ನಾ ಇಕಿಗೆ ಹೇಳ್ಕೋತಿದ್ದೆ."

"ಎಣ್ಣೆಯಾ?"

"ಮತ್ತೇನ್ ಮಾಡ್ಲಿ ಹೇಳ್ರಿ. ಪೆಟ್ರೋಲ್ ಹಾಕ್ಸಿದ್ರ ಕೀಲಿ ಕೊಡಂಗಿಲ್ಲ ಅಂತ ಹೆದರ್ಸಿ ಬಿಟ್ರಿ. ಮಂದಿ ಗಾಡಿ ಒಯ್ದು ಹಂಗ ಖಾಲಿ ತಂದು ನಿಲ್ಲಿಸೂದು ನಮ್ಮ ಮನ್ಯಾಗ ಇಲ್ರಿ. ನಮ್ಮಪ್ಪ ಮಂದಿ ಚಕ್ಕಡಿ ಒಯ್ದ್ರ ಕೀಲೆಣ್ಣಿ ಹಚ್ಚೇ ತಂದು ಬಿಡ್ತಿದ್ದ. ಅದಕ್ಕ ಬಂಕಿನಾಗ ಕೇಳ್ದೆ, ಪೆಟ್ರೋಲ್ ಬಿಟ್ರ ಈ ಗಾಡಿ ಮತ್ತೇನ್ ಕುಡೀತೈತಿ ಅಂತ. ಆವಾ ಎಣ್ಣಿ ಡಬ್ಬಿ ಕೊಟ್ಟ, ಎಲ್ಲಿ ಹಾಕೂದು ಅಂತ ತೋರ್ಸ್ದ. ಒಯ್ದಾಗೊಮ್ಮೆ ಒಂದು ಸಣ್ಣ ವಾಟಗಾ. ಭಾಳ ಏನಿಲ್ರಿ, ಅರಿಷಿಣ ಕುಂಕುಮದ ಬಟ್ಟಲಷ್ಟು."

ನಾನು ಒಗ್ಗರಣೆಯನ್ನು ಬಾಯಿಗೆ ಹಾಕಿಕೊಂಡೆ. ಬಾಯಿ ತುಂಬಿರುವಾಗ ಮಾತಾಡಬೇಕಾಗಿಲ್ಲ.

"ಮೊನ್ನೆ ಜಡ್ಡಾಗೈತಿ ಅಂದ್ರಲ್ಲ" ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು, "ಪಾಪ ಅನಿಸ್ತು. ಎರಡು ವಾಟಗಾ ಹಾಕ್ದೆ."

ಗೌರಮ್ಮ ಒಳಗಿನಿಂದ, "ಅಣ್ಣಾರಿಗೆ ಇನ್ನೊಂದೀಟ್ ನೀಡ್ರಿ" ಎಂದರು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ತಟ್ಟೆ ತುಂಬಿತ್ತು.

ಕೆಳಗೆ ಬಂದು ಸುಜಾತಳಿಗೆ ಹೇಳಿದೆ. ಅವಳು ಸೋಫಾದ ಮೇಲೆ ಕೂತು, ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, "ಅವರನ್ನು ಬೈದು ಬಂದ್ರಾ?" ಎಂದು ಕೇಳಿದಳು.

"ಬೈಯ್ಲಿಕ್ಕೆ ಬಾಯೇ ಬರ್ಲಿಲ್ಲ. ಅವರಿಗೆ ಹೇಗೆ ಹೇಳುವುದು ಮಾರಾಯ್ತಿ, ನೀವು ಪ್ರೀತಿಯಿಂದ ಹಾಕಿದ್ದರಿಂದಲೇ ಗಾಡಿಗೆ ಮೂಗು ಕಟ್ಟಿದ್ದು ಅಂತ?"

"ಅವರದ್ದೆಂತ ತಪ್ಪು? ಪೆಟ್ರೋಲ್ ಹಾಕ್ಬೇಡಿ ಅಂತ ಅವರ ದಾರಿ ಮುಚ್ಚಿದವರು ನೀವು. ಈ ಕಡೆ ಮುಚ್ಚಿದರೆ ಅದು ಆ ಕಡೆಯಿಂದ ಬಂತು."

ಈ ಮಾತಿನ ಮೇಲೆ ನಾನು ಆ ದಿನವಿಡೀ ಕ್ಯಾಶ್ ಮೇಜಿನಲ್ಲಿ ಕೂತು ಯೋಚಿಸಿದೆ. ಹೋಟೆಲಿನವರಿಗೆ ಕಲಿಸುವ ಮೊದಲ ಪಾಠ, ಗಿರಾಕಿ ಕೇಳುವ ಮೊದಲೇ ಬಡಿಸು ಎಂಬುದು. ಬಟ್ಟಲಿನಲ್ಲಿ ಸಾಂಬಾರು ಅರ್ಧಕ್ಕಿಳಿಯಿತೋ, ಬಕೆಟ್ಟಿನವನು ಅಲ್ಲಿರಬೇಕು. ಇದನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಬಡಿಸಿಕೊಳ್ಳುವುದು ಹೇಗೆಂಬುದು ಮರೆತೇಹೋಗಿದೆ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತರೆ ನನಗೆ ಕಾಲು ತುರಿಸುತ್ತದೆ. ಅನ್ನಕ್ಕೆ ಸಾರು ಬೀಳುವುದರೊಳಗೆ ಎದ್ದು, ಯಾರದೋ ಕೈಯ ಬಕೆಟ್ಟು ಕಿತ್ತುಕೊಂಡು ಪಂಕ್ತಿಯ ಮಧ್ಯೆ ಓಡುತ್ತಿರುತ್ತೇನೆ. ಹೆಣ್ಣಿನ ಕಡೆಯವರು ನಾನು ಕಾಂಟ್ರಾಕ್ಟಿನ ಜನವೆಂದು ತಿಳಿದು ಪಾಯಸ ಕಡಿಮೆಯಾಯಿತೆಂದು ನನ್ನನ್ನೇ ಬೈದದ್ದುಂಟು. ಎಲ್ಲರೂ ಇದನ್ನು ನನ್ನ ದೊಡ್ಡ ಗುಣವೆಂದು ಹೊಗಳುತ್ತಾರೆ, ನಾನೂ ಹಾಗೆಯೇ ನಂಬಿದ್ದೆ. ಆದರೆ ಚನ್ನಬಸಪ್ಪನವರು ಪ್ರತಿಸಲ ಕೀಲಿಕೈ ಕೇಳಲು ಬರುವಾಗ ಬಾಗಿಲಲ್ಲೇ ಒಂದು ಕ್ಷಣ ನಿಲ್ಲುತ್ತಿದ್ದರಲ್ಲ, ಅದು ಯಾಕೆಂದು ನಾನು ಯೋಚಿಸಿರಲಿಲ್ಲ. ನಾನು ದೊಡ್ಡವನಾಗಿ ನಿಂತಲ್ಲೆಲ್ಲ ಯಾರೋ ಒಬ್ಬರು ಬಾಗಿ ಹೋಗಬೇಕಾಗುತ್ತದೆ. ಅವರು ಹಾಗೆ ಬಾಗುವ ಮನುಷ್ಯರಲ್ಲ. ನನ್ನಷ್ಟೇ ಹೆಮ್ಮೆಯವರು, ಬುದ್ಧಿ ನನಗಿಂತ ಹೆಚ್ಚು. ಎಣ್ಣೆಯ ದಾರಿ ಹುಡುಕಿದರು.

ಭಾನುವಾರ ಬೆಳಿಗ್ಗೆ ಸೆಲ್ವಂನ ಮುಂದೆ ನಾನು ಡಿಪ್‌ಸ್ಟಿಕ್ ಹಿಡಿದು ನಿಂತೆ. ಅವನು ಕಡ್ಡಿಯನ್ನೂ ನನ್ನನ್ನೂ ನೋಡಿದ.

"ಅಣ್ಣೇ, ನಾನು ಕೇಳಿದ್ನಲ್ಲ?"

"ಕೇಳಿದ್ದಿ."

"ನೀವು ವಡೆ ತೂತಿನ ಲೆಕ್ಕ ಹೇಳಿದ್ರಿ."

"ಹೇಳಿದ್ದೆ. ಈಗ ಎಣ್ಣೆ ಇಳಿಸು."

ಎಣ್ಣೆಯೆಲ್ಲ ಇಳಿಸಿ, ಫಿಲ್ಟರ್ ಬದಲಿಸಿ, ಡಬ್ಬವನ್ನೂ ಆ ಪೈಪನ್ನೂ ತೊಳೆದು ಒಣಗಿಸಿ, ಹೊಸ ಎಣ್ಣೆಯನ್ನು ಗೆರೆಯ ತನಕ ಹಾಕಿದ. ಗಾಡಿ ಶುರುವಾದ ಮೇಲೆ ಮೊದಲು ಸ್ವಲ್ಪ ಹೊತ್ತು ಹೊಗೆ ಬಂತು, ಉಳಿದ ಎಣ್ಣೆ ಸುಟ್ಟುಹೋಗುವ ತನಕ. ನಾವಿಬ್ಬರೂ ಸೈಲೆನ್ಸರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಪೊಂಗಲ್ ಹಬ್ಬದ ದಿನ ಹಾಲು ಉಕ್ಕುವುದನ್ನು ಕಾಯುವವರ ಹಾಗೆ ನೋಡಿದೆವು. ನೀಲಿ ತೆಳ್ಳಗಾಯಿತು. ಇನ್ನೂ ತೆಳ್ಳಗಾಯಿತು. ಆಮೇಲೆ ಏನೂ ಇರಲಿಲ್ಲ. ಸೆಲ್ವಂ ಸ್ಪ್ಯಾನರುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದ. ಎಂಜಿನ್ ಬಿಚ್ಚುವ ಅವನ ಆಸೆ ಈ ಸಲವೂ ನೆರವೇರಲಿಲ್ಲ.

ನನ್ನ ಡಿಗ್ರಿ ಉಳಿಯಿತು. ಇನ್ನೊಂದು ಕೆಲಸ ಬಾಕಿಯಿತ್ತು, ಅದು ಸ್ಪ್ಯಾನರಿಗೆ ಬಗ್ಗುವಂಥದ್ದಲ್ಲ.

ಸಂಜೆ ಚನ್ನಬಸಪ್ಪನವರು ಕೀಲಿಕೈಗೆ ಬಂದರು. ಬಾಗಿಲಲ್ಲಿ ನಿಂತು, "ಗಾಡಿ ಆರಾಮಾತೇನ್ರಿ?" ಎಂದು ಕೇಳಿದರು. ಕಂಕುಳಲ್ಲಿ ಮೊಮ್ಮಗಳಿಗೆಂದು ತಂದ ಪುಟ್ಟ ಸ್ಟೀಲ್ ಲೋಟದ ಪೊಟ್ಟಣವಿತ್ತು. ನಾನು ಕೀಲಿಕೈ ಕೊಟ್ಟು, ನೆಲ ನೋಡುತ್ತ, ಬೆಳಗಿನಿಂದ ಬಾಯಿಪಾಠ ಮಾಡಿಕೊಂಡದ್ದನ್ನು ಹೇಳಿದೆ.

"ಚನ್ನಬಸಣ್ಣ, ಎಣ್ಣೆಯದ್ದು ಇನ್ನು ನಾನು ನೋಡ್ಕೊಳ್ತೇನೆ. ಅದು ಹೆಚ್ಚಾದ್ರೂ ಗಾಡಿಗೆ ಆಗುವುದಿಲ್ಲ. ಒಬ್ಬರೇ ಹಾಕ್ಬೇಕು." ಇಲ್ಲಿಯವರೆಗೆ ಸುಲಭವಿತ್ತು. "ನೀವು... ಪೆಟ್ರೋಲ್ ಹಾಕ್ಸಿ."

ನಲವತ್ತು ಜನರಿಗೆ ಕೈಯಾರೆ ಸಂಬಳ ಕೊಟ್ಟವನೂ ಈ ಎರಡು ಶಬ್ದ ಹೇಳಿ ನೋಡಲಿ.

ಬಾಗಿಲ ಹೊರಗೆ ನಿಂತಿದ್ದವರು ಒಳಗೆ ಬಂದು, ಕುರ್ಚಿ ಎಳೆದು ಕೂತು, "ಅಕ್ಕಾರ, ಒಂದು ಕಾಫಿ ಕುಡಿಸ್ರಿ, ಆಮ್ಯಾಲ ಹೊಂಟೀನಿ" ಎಂದು ಸುಜಾತಳಿಗೆ ಕೂಗಿ ಹೇಳಿದರು. ಇಷ್ಟು ದಿನ ಅವರು ನಮ್ಮ ಮನೆಯಲ್ಲಿ ಬಾಯಿಬಿಟ್ಟು ಏನನ್ನೂ ಕೇಳಿದವರಲ್ಲ.

ಮರುದಿನ ಬೆಳಿಗ್ಗೆ ಬಾಳೆಲೆ ತರಲು ಹೊರಟಾಗ ಬೈಕು ಯಾಕೋ ಭಾರವೆನಿಸಿತು. ಕೀಲಿ ತಿರುಗಿಸಿ ಕೆಳಗೆ ನೋಡಿದೆ. ಪೆಟ್ರೋಲ್ ತೋರಿಸುವ ಮುಳ್ಳು ಕೆಂಪು ಗೆರೆಯಿಂದ ಎದ್ದು, ಅರ್ಧ ದಾಟಿ, ಇನ್ನೂ ಏರಿ, ಬಲಗಡೆಯ ತುದಿಗೆ ತಾಗಿ ನಿಂತಿತು. ಸುಜಾತಳನ್ನು ಕೂಗಿ ಕರೆದು ತೋರಿಸಿದೆ.

"ಇದು ಕೆಟ್ಟುಹೋಗಿದೆ, ಅರ್ಧದಿಂದ ಮೇಲೆ ಏರುವುದೇ ಇಲ್ಲ ಅಂತ ಇಷ್ಟು ವರ್ಷ ಹೇಳ್ತಿದ್ರಲ್ಲ?" ಎಂದಳು.

ಹೇಳುತ್ತಿದ್ದೆ, ನಿಜ. ನಾನು ಯಾವಾಗಲೂ ಆ ದಿನಕ್ಕೆ ಬೇಕಾದಷ್ಟೇ ಹಾಕಿಸುವವನು. ಮುಳ್ಳು ಸರಿಯಾಗಿಯೇ ಇತ್ತು. ಅದಕ್ಕೆ ಮೇಲೆ ಹೋಗುವಷ್ಟು ಯಾರೂ ಒಮ್ಮೆಯೂ ತುಂಬಿಸಿರಲಿಲ್ಲ, ಅಷ್ಟೆ.